ಲೂಪಿನೊಳಗಿನ ಎಣಿಕೆ ಯಾರ ಹೊಣೆ?

2016ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯ ಸ್ವಿಫ್ಟ್ ಭಾಷೆಯ ಮೂರನೇ ಆವೃತ್ತಿ ಬಂದಾಗ ಅದರಲ್ಲಿ ಬಹಳ ಹಳೆಯದೊಂದು ರಚನೆ ಇರಲಿಲ್ಲ. ಸಿ ಭಾಷೆಯಿಂದ ಹೊರಟು ಸಿ++, ಜಾವಾ, ಜಾವಾಸ್ಕ್ರಿಪ್ಟ್, ಪಿಎಚ್‌ಪಿಗಳಲ್ಲೆಲ್ಲ ನೆಲೆಯೂರಿದ ಫಾರ್ ಲೂಪ್ ಅದು. ಪಿಯುಸಿಯಲ್ಲಿ ಸಿ++ ಓದಿದವರಿಗೂ, ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಕಲಿತವರಿಗೂ ಅದು ಬಾಯಿಪಾಠ: ಐ ಸೊನ್ನೆಯಿಂದ ಶುರುವಾಗಲಿ, ಎನ್‌ಗಿಂತ ಕಡಿಮೆ ಇರುವವರೆಗೆ ನಡೆಯಲಿ, ಪ್ರತಿ ಸುತ್ತಿಗೂ ಒಂದೊಂದು ಹೆಚ್ಚಲಿ. ಇದನ್ನು ತೆಗೆದುಹಾಕಬೇಕೆಂಬ ಪ್ರಸ್ತಾವವನ್ನು ಬರೆದವರು ಎರಿಕಾ ಸಾಡುನ್. ಭಾಷೆಯನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟ ಮೇಲೆ ಬಂದ ಪ್ರಸ್ತಾವಗಳ ಸಾಲಿನಲ್ಲಿ ಅದರ ಸಂಖ್ಯೆ 7. ಅದೇ ಸಾಲಿನ ನಾಲ್ಕನೆಯದರಲ್ಲಿ ಭಾಷೆಯ ಜನಕ ಕ್ರಿಸ್ ಲ್ಯಾಟ್ನರ್ ಎರಡು ಪ್ಲಸ್ ಗುರುತಿನ ಏರಿಕೆ ಚಿಹ್ನೆಯನ್ನೂ ಕೈಬಿಡಲು ಸೂಚಿಸಿದ್ದರು. ಎರಡೂ ಜಾರಿಗೆ ಬಂದವು. ದಶಕಗಳಿಂದ ಕೋಟ್ಯಂತರ ಸಾಲು ಕೋಡ್‌ನಲ್ಲಿ ದುಡಿದ ರಚನೆಯೊಂದನ್ನು ಹೀಗೆ ಹೊರಗಿಡುವುದು ದುಡುಕೆಂದು ಆಗ ಅನೇಕರಿಗೆ ಅನ್ನಿಸಿತು. ಅದು ದುಡುಕಲ್ಲ, ತಡವಾಗಿ ಬಂದ ವಿವೇಕ ಎಂಬುದು ಈ ಲೇಖನದ ವಾದ. ಪಟ್ಟಿಯೊಂದನ್ನು ಮೊದಲಿಂದ ಕೊನೆಯವರೆಗೆ ನೋಡುವಾಗ ಎಣಿಸುವ ಹೊಣೆ ಭಾಷೆಯದಾಗಬೇಕು. ಎಷ್ಟನೆಯದು ಎಂಬ ಸಂಖ್ಯೆ ನಿಜಕ್ಕೂ ಬೇಕಾದಾಗ ಮಾತ್ರ ಪ್ರೋಗ್ರಾಮರ್ ಅದನ್ನು ಕೇಳಿ ಪಡೆಯಬೇಕು.

ಅರೇ ಎಂದರೆ ಒಂದೇ ಬಗೆಯ ಮಾಹಿತಿಗಳನ್ನು ಸಾಲಾಗಿ ಇಟ್ಟ ಪಟ್ಟಿ. ಬೀದರ್, ಗದಗ, ಹಾಸನ, ಉಡುಪಿ, ಕೋಲಾರ ಎಂಬ ಐದು ಹೆಸರುಗಳನ್ನು ಒಂದು ಅರೇಯಲ್ಲಿ ಇಟ್ಟರೆ ಪ್ರತಿಯೊಂದಕ್ಕೂ ಒಂದು ಸ್ಥಾನಸಂಖ್ಯೆ ಸಿಗುತ್ತದೆ. ಅದೇ ಇಂಡೆಕ್ಸ್. ಹೊಸಬರು ಮೊದಲು ತಡವರಿಸುವುದು ಇಲ್ಲೇ: ಬೀದರಿನ ಇಂಡೆಕ್ಸ್ 1 ಅಲ್ಲ, 0. ಕೋಲಾರದ್ದು 4. ಸಿ ಭಾಷೆಯಲ್ಲಿ ಇದಕ್ಕೆ ಸರಳ ಕಾರಣವಿದೆ. ಮೆಮೊರಿಯಲ್ಲಿ ಅರೇ ಆರಂಭವಾಗುವ ವಿಳಾಸ ಒಂದೇ. ಅಲ್ಲಿಂದ ಎಷ್ಟು ಮನೆ ದಾಟಿದರೆ ಬೇಕಾದ್ದು ಸಿಗುತ್ತದೆ ಎಂಬುದನ್ನಷ್ಟೇ ಇಂಡೆಕ್ಸ್ ಹೇಳುತ್ತದೆ. ಮೊದಲನೆಯದಕ್ಕೆ ಏನನ್ನೂ ದಾಟಬೇಕಿಲ್ಲ, ಹಾಗಾಗಿ ಸೊನ್ನೆ. ಎಲ್ಲ ಭಾಷೆಗಳೂ ಈ ದಾರಿ ಹಿಡಿದಿಲ್ಲ. ಐಬಿಎಂ 704 ಯಂತ್ರಕ್ಕಾಗಿ 1957ರಲ್ಲಿ ಹೊರಬಂದ ಫೋರ್ಟ್ರಾನ್ ಒಂದರಿಂದ ಎಣಿಸಿತು. ಮ್ಯಾಟ್‌ಲ್ಯಾಬ್, ಆರ್, ಲುವಾ, ಜೂಲಿಯಾಗಳು ಇಂದಿಗೂ ಒಂದರಿಂದಲೇ ಎಣಿಸುತ್ತವೆ. ಗಣಿತದ ಮ್ಯಾಟ್ರಿಕ್ಸ್ ಬರೆಯುವವರಿಗೆ ಅದೇ ಸಹಜ.

ಸೊನ್ನೆಯ ಪರವಾಗಿ ಅತ್ಯಂತ ಸ್ವಚ್ಛವಾಗಿ ವಾದಿಸಿದವರು ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ. 1982ರ ಆಗಸ್ಟ್‌ನಲ್ಲಿ ಕೈಬರಹದಲ್ಲಿ ಬರೆದ ಪುಟ್ಟ ಟಿಪ್ಪಣಿಯಲ್ಲಿ ಅವರು 2ರಿಂದ 12ರವರೆಗಿನ ಸಂಖ್ಯೆಗಳನ್ನು ನಾಲ್ಕು ರೀತಿಯಲ್ಲಿ ಬರೆಯಬಹುದು ಎಂದು ತೋರಿಸಿ, ಯಾವುದು ಮೇಲು ಎಂದು ತೂಗಿ ನೋಡಿದರು. ಕೆಳಗಿನ ಗಡಿಯನ್ನು ಸೇರಿಸಿಕೊಂಡು ಮೇಲಿನ ಗಡಿಯನ್ನು ಹೊರಗಿಡುವ ರೀತಿ ಅವರಿಗೆ ಒಪ್ಪಿಗೆಯಾಯಿತು. ಅಂದರೆ 2ರಿಂದ ಹಿಡಿದು 13 ಮುಟ್ಟುವ ಮುನ್ನ. ಹೀಗೆ ಬರೆದರೆ 13ರಲ್ಲಿ 2 ಕಳೆದಾಗ ಸಿಗುವ 11 ನೇರವಾಗಿ ಪಟ್ಟಿಯ ಉದ್ದ. ಒಂದು ತುಂಡು ಮುಗಿದ ಸಂಖ್ಯೆಯಲ್ಲೇ ಮುಂದಿನ ತುಂಡು ಶುರುವಾಗುತ್ತದೆ. ಖಾಲಿ ಪಟ್ಟಿಯನ್ನೂ ವಿಕಾರವಿಲ್ಲದೆ ಬರೆಯಬಹುದು. ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಮೀಸಾ ಭಾಷೆಯಲ್ಲಿ ನಾಲ್ಕೂ ರೀತಿಗಳಿಗೆ ಅವಕಾಶವಿತ್ತು. ಉಳಿದ ಮೂರನ್ನು ಬಳಸಿದಾಗ ತಪ್ಪುಗಳು ಹೆಚ್ಚಾದವು ಎಂಬ ಅಲ್ಲಿನ ಅನುಭವವನ್ನೂ ಅವರು ಸಾಕ್ಷಿಯಾಗಿ ತಂದರು. ಗಡಿ ಬರೆಯುವ ರೀತಿಯೇ ಮನುಷ್ಯರನ್ನು ತಪ್ಪಿಗೆ ತಳ್ಳುತ್ತದೆ ಅಥವಾ ತಪ್ಪಿಂದ ಕಾಯುತ್ತದೆ ಎಂಬುದು ಆ ಟಿಪ್ಪಣಿಯ ನಿಜವಾದ ತಿರುಳು. ಅದರ ಮುಂದೆ ಸೊನ್ನೆಯೋ ಒಂದೋ ಎಂಬ ಜಗಳ ಚಿಕ್ಕದು.

ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ನೂರು ಅಡಿ ಬೇಲಿಗೆ ಹತ್ತು ಅಡಿಗೊಂದು ಗೂಟ ನೆಡಬೇಕಾದರೆ ಎಷ್ಟು ಗೂಟ ಬೇಕೆಂದು ಕೇಳಿದರೆ ಹತ್ತು ಎಂಬ ಉತ್ತರ ತಟ್ಟನೆ ಬರುತ್ತದೆ. ಬೇಕಾದದ್ದು ಹನ್ನೊಂದು. ಪ್ರೋಗ್ರಾಮರುಗಳು ಈ ಬಗೆಯ ತಪ್ಪನ್ನು ಬೇಲಿಗೂಟದ ಹೆಸರಿನಿಂದಲೇ ಕರೆಯುತ್ತಾರೆ. ಐದು ಊರುಗಳ ಪಟ್ಟಿಯಲ್ಲಿ ಐ ಐದಕ್ಕಿಂತ ಕಡಿಮೆ ಎಂದು ಬರೆಯುವ ಬದಲು ಐದು ಅಥವಾ ಕಡಿಮೆ ಎಂದು ಬರೆದರೆ ಸಾಕು, ಲೂಪ್ ಇಲ್ಲದ ಆರನೇ ಮನೆಗೆ ಕೈ ಹಾಕುತ್ತದೆ. ಜಾವಾದಲ್ಲಿ ಅಲ್ಲಿಗೇ ಒಂದು ದೋಷಸೂಚನೆ ಎದ್ದುಬರುತ್ತದೆ. ಸಿ ಭಾಷೆ ಪರೀಕ್ಷಿಸಲು ಹೋಗುವುದಿಲ್ಲ. ಪಕ್ಕದ ಮೆಮೊರಿಯಲ್ಲಿ ಏನಿದೆಯೋ ಅದನ್ನೇ ಊರಿನ ಹೆಸರೆಂದು ಓದಿಬಿಡಬಹುದು. ಇನ್ನೂ ಸೂಕ್ಷ್ಮವಾದ ತಪ್ಪು ಪಟ್ಟಿಯಿಂದ ತೆಗೆದುಹಾಕುವಾಗ ಆಗುವಂಥದ್ದು. ಗದಗ, ಖಾಲಿ, ಖಾಲಿ, ಉಡುಪಿ, ಕೋಲಾರ ಎಂಬ ಪಟ್ಟಿಯಲ್ಲಿ ಖಾಲಿ ಮನೆಗಳನ್ನು ಅಳಿಸಬೇಕಿದೆ ಎನ್ನಿ. ಐ 1 ಆದಾಗ ಮೊದಲ ಖಾಲಿ ಅಳಿಯುತ್ತದೆ. ಒಡನೆಯೇ ಎರಡನೇ ಖಾಲಿ ಮನೆ ಹಿಂದಕ್ಕೆ ಸರಿದು 1ನೇ ಸ್ಥಾನಕ್ಕೆ ಬರುತ್ತದೆ. ಆದರೆ ಐ ಮುಂದಕ್ಕೆ ಹೋಗಿ 2 ಆಗಿದೆ, ಅಲ್ಲೀಗ ಉಡುಪಿ ಕೂತಿದೆ. ಎರಡನೇ ಖಾಲಿ ಮನೆ ಯಾರ ಕಣ್ಣಿಗೂ ಬೀಳದೆ ಉಳಿದುಹೋಗುತ್ತದೆ. ಬರೆದವರು ಒಂದೇ ಒಂದು ಖಾಲಿ ಮನೆ ಇಟ್ಟು ಪರೀಕ್ಷಿಸಿದ್ದರೆ ಕೋಡ್ ಸರಿಯಾಗಿಯೇ ಕೆಲಸ ಮಾಡಿರುತ್ತದೆ. ಎರಡು ಖಾಲಿ ಮನೆಗಳು ಅಕ್ಕಪಕ್ಕ ಬಂದ ದಿನ ಮಾತ್ರ ತಪ್ಪು ಹೊರಬರುತ್ತದೆ. ಇಲ್ಲಿ ಎಚ್ಚರಗೇಡಿತನಕ್ಕಿಂತ ದೊಡ್ಡ ಕಾರಣ ಬೇರೆ ಇದೆ: ಐ ಎಂಬ ಒಂದೇ ಸಂಖ್ಯೆಯ ಹೆಗಲಿಗೆ ಎಷ್ಟು ಸುತ್ತಾಯಿತು ಎಂಬ ಲೆಕ್ಕ, ಈಗ ಎಲ್ಲಿದ್ದೇವೆ ಎಂಬ ಸ್ಥಾನ, ಎಲ್ಲಿ ನಿಲ್ಲಬೇಕು ಎಂಬ ಗಡಿ, ಮೂರನ್ನೂ ಹೊರಿಸಲಾಗಿದೆ. ಪಟ್ಟಿ ಬದಲಾಗದೆ ಇರುವವರೆಗೆ ಮೂರೂ ಒಂದೇ ಉತ್ತರ ಕೊಡುತ್ತವೆ, ಬದಲಾದ ಕ್ಷಣ ಬೇರೆಬೇರೆಯಾಗುತ್ತವೆ.

ಇದು ಕಲಿಯುವವರ ಪ್ರಯೋಗಶಾಲೆಯಲ್ಲಷ್ಟೇ ನಡೆಯುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿತ್ತು. ಎದುರಿನ ಕಂಪ್ಯೂಟರ್ ತಾನು ಕಳಿಸಿದ ಸಂದೇಶ ಇಷ್ಟು ಉದ್ದವಿದೆ ಎಂದು ಹೇಳಿದ ಸಂಖ್ಯೆಯನ್ನು ಆ ತಂತ್ರಾಂಶ ಹಾಗೇ ನಂಬಿ, ನಿಜವಾದ ಸಂದೇಶದ ಗಡಿ ದಾಟಿ 64 ಕಿಲೋಬೈಟ್‌ವರೆಗೆ ಮೆಮೊರಿಯಲ್ಲಿದ್ದುದನ್ನೆಲ್ಲ ವಾಪಸು ಕಳಿಸುತ್ತಿತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟ್ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳನ್ನು ಕೆಡವಿತು. ಮೈಕ್ರೋಸಾಫ್ಟ್ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ಆಸ್ಪತ್ರೆ, ಬ್ಯಾಂಕು, ವಿಮಾನಯಾನ ಎಲ್ಲಕ್ಕೂ ಪೆಟ್ಟು ಬಿತ್ತು. ಭಾರತದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಕಂಪನಿ ಆಮೇಲೆ ಪ್ರಕಟಿಸಿದ ಕಾರಣ ಇಷ್ಟು: ಒಂದು ಭಾಗ 21 ಅಂಶಗಳಿವೆ ಎಂದು ಹೇಳುತ್ತಿತ್ತು, ಇನ್ನೊಂದು ಭಾಗ 20ನ್ನು ಮಾತ್ರ ಒದಗಿಸುತ್ತಿತ್ತು. ಇಪ್ಪತ್ತೊಂದನೆಯದನ್ನು ಓದಲು ಹೋದ ಕೋಡ್ ಅರೇಯ ಆಚೆ ಕಾಲಿಟ್ಟಿತು. ಕೆಲಸ ನಡೆಯುತ್ತಿದ್ದುದು ಆಪರೇಟಿಂಗ್ ಸಿಸ್ಟಂನ ಒಳಮನೆಯಲ್ಲಾದ್ದರಿಂದ ಇಡೀ ಯಂತ್ರವೇ ಕುಸಿಯಿತು. ಇದು ಲೂಪ್ ತಂದ ತಪ್ಪಲ್ಲವಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯೇ. ಲೂಪಿನ ರೂಪ ಬದಲಿಸಿದ ಮಾತ್ರಕ್ಕೆ ಆ ಅನಾಹುತ ತಪ್ಪುತ್ತಿರಲಿಲ್ಲ. ಆದರೆ ಬೇರು ಅದೇ. ಪಟ್ಟಿ ಒಂದೆಡೆ, ಅದರ ಉದ್ದದ ಬಗೆಗಿನ ನಂಬಿಕೆ ಇನ್ನೊಂದೆಡೆ. ಎರಡನ್ನೂ ಹೊಂದಿಸಿ ಇಡುವ ಹೊಣೆ ಮನುಷ್ಯರ ನೆನಪಿನ ಮೇಲೆ. ಕೈಯಿಂದ ಬರೆದ ಪ್ರತಿ ಫಾರ್ ಲೂಪ್ ಈ ಬಿರುಕಿನ ಒಂದು ಸಣ್ಣ ಪ್ರತಿ.

ಈ ಪಾಠ ಹೊಸದೂ ಅಲ್ಲ. ಬ್ರಿಟನ್ನಿನ ಟೋನಿ ಹೋರ್ 1960ರ ದಶಕದ ಆರಂಭದಲ್ಲಿ ಎಲಿಯಟ್ ಕಂಪನಿಯ ಕಂಪ್ಯೂಟರ್‌ಗಳಿಗೆ ಆಲ್ಗಾಲ್ 60 ಭಾಷೆಯ ಕಂಪೈಲರ್ ಕಟ್ಟಿದಾಗ, ಪ್ರತಿ ಸಲ ಅರೇ ಮುಟ್ಟುವಾಗಲೂ ಇಂಡೆಕ್ಸ್ ಗಡಿಯೊಳಗಿದೆಯೇ ಎಂದು ಯಂತ್ರವೇ ಪರೀಕ್ಷಿಸುವಂತೆ ಮಾಡಿದ್ದರು. ವೇಗ ಬೇಕಾದವರಿಗೆ ಈ ಪರೀಕ್ಷೆ ನಿಲ್ಲಿಸುವ ಸೌಲಭ್ಯ ಕೊಡೋಣವೇ ಎಂದು ಅನೇಕ ವರ್ಷಗಳ ನಂತರ ಗ್ರಾಹಕರನ್ನು ಕೇಳಿದರೆ, ಅವರೆಲ್ಲ ಒಮ್ಮತದಿಂದ ಬೇಡವೆಂದರು. ಅಂಥ ತಪ್ಪುಗಳು ದಿನನಿತ್ಯದ ಓಟದಲ್ಲಿ ಎಷ್ಟು ಸಲ ಸಿಕ್ಕಿಬೀಳುತ್ತವೆ ಎಂಬುದನ್ನು ಅವರು ಕಂಡಿದ್ದರು. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಹೋರ್ ಇದನ್ನು ನೆನೆಸಿಕೊಂಡು, ಭಾಷೆ ರೂಪಿಸುವವರೂ ಬಳಸುವವರೂ ಅಷ್ಟು ವರ್ಷಗಳಾದರೂ ಈ ಪಾಠ ಕಲಿಯಲಿಲ್ಲವೆಂದು ನೊಂದುಕೊಂಡರು. ಅಂದಿನ ಯಂತ್ರಗಳು ಇಂದಿನ ಅಗ್ಗದ ಫೋನಿಗಿಂತ ಎಷ್ಟೋ ಪಟ್ಟು ನಿಧಾನವಾಗಿದ್ದವು. ಅವುಗಳ ಒಂದೊಂದು ಕ್ಷಣಕ್ಕೂ ಬೆಲೆ ತೆತ್ತವರೇ ವೇಗ ಬಿಟ್ಟು ಸುರಕ್ಷೆ ಆರಿಸಿಕೊಂಡರು ಎಂಬುದನ್ನು ಗಮನಿಸಬೇಕು.

ಹಾಗಾದರೆ ಹೊಸ ಭಾಷೆಗಳು ಮಾಡಿದ್ದೇನು? ಪಟ್ಟಿಯ ಒಂದೊಂದೇ ಅಂಶವನ್ನು ತಾವೇ ತೆಗೆದು ಕೈಗಿಡುವ ಲೂಪನ್ನು ಮುಂದೆ ತಂದವು. ಸ್ವಿಫ್ಟ್‌ನಲ್ಲಿ 'ಫಾರ್ ಊರು ಇನ್ ಊರುಗಳು' ಎಂದು ಬರೆದರೆ ಸಾಕು. ಐ ಇಲ್ಲ, ಎನ್ ಇಲ್ಲ, ಗಡಿ ತಪ್ಪುವ ಪ್ರಶ್ನೆಯೂ ಇಲ್ಲ. ಜಾವಾ ಇಂಥ ಲೂಪನ್ನು 2004ರ ಐದನೇ ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಆದರೆ ಹೆಸರಿನ ಜೊತೆಗೆ ಕ್ರಮಸಂಖ್ಯೆಯೂ ಬೇಕಾದರೆ? ಪೈಥಾನ್ ಬಳಗ ಎದುರಿಸಿದ ಪ್ರಶ್ನೆ ಇದೇ. ರೇಮಂಡ್ ಹೆಟ್ಟಿಂಗರ್ ಅವರ ಪ್ರಸ್ತಾವದಂತೆ 2003ರ ಪೈಥಾನ್ 2.3ರಲ್ಲಿ ಎನ್ಯೂಮರೇಟ್ ಎಂಬ ಸೌಲಭ್ಯ ಬಂತು. ಅದು ಪ್ರತಿ ಸುತ್ತಿಗೂ ಸಂಖ್ಯೆ ಮತ್ತು ಅಂಶ ಎರಡನ್ನೂ ಜೋಡಿಯಾಗಿ ಕೊಡುತ್ತದೆ. ಸ್ವಿಫ್ಟ್‌ನ ಎನ್ಯೂಮರೇಟೆಡ್, ರಸ್ಟ್‌ನ ಎನ್ಯೂಮರೇಟ್, ಕಾಟ್ಲಿನ್‌ನ ವಿತ್‌ಇಂಡೆಕ್ಸ್, ಗೋ ಭಾಷೆಯ ರೇಂಜ್ ಎಲ್ಲವೂ ಇದೇ ಕೆಲಸ ಮಾಡುತ್ತವೆ. 'ಫಾರ್ (ಸಂಖ್ಯೆ, ಊರು) ಇನ್ ಊರುಗಳು.ಎನ್ಯೂಮರೇಟೆಡ್()' ಎಂಬ ಸಾಲನ್ನು ಓದಿದವರಿಗೆ ಬರೆದವರ ಉದ್ದೇಶ ತಕ್ಷಣ ತಿಳಿಯುತ್ತದೆ: ಇವರಿಗೆ ಊರೂ ಬೇಕು, ಎಷ್ಟನೆಯದೆಂಬುದೂ ಬೇಕು. ಹಳೆಯ ಲೂಪಿನಲ್ಲಿ ಐ ಯಾವಾಗಲೂ ಇರುತ್ತಿತ್ತು, ಆದ್ದರಿಂದ ಅದರ ಇರುವಿಕೆ ಏನನ್ನೂ ಹೇಳುತ್ತಿರಲಿಲ್ಲ. ಪೈಥಾನ್ 2.6ರಿಂದ ಎಣಿಕೆ ಎಲ್ಲಿಂದ ಶುರುವಾಗಬೇಕು ಎಂದೂ ತಿಳಿಸಬಹುದು. ಓದುಗರಿಗೆ ತೋರಿಸುವ ಪಟ್ಟಿ 1ರಿಂದ ಶುರುವಾಗಲಿ ಎಂದರೆ ಹಾಗೇ ಆಗುತ್ತದೆ. ಐಗೆ ಒಂದು ಕೂಡಿಸುವ, ಒಂದೆಡೆ ಕೂಡಿಸಿ ಇನ್ನೊಂದೆಡೆ ಮರೆಯುವ ಕಷ್ಟವಿಲ್ಲ. ಖಾಲಿ ಮನೆ ಅಳಿಸುವ ಕೆಲಸಕ್ಕೂ ಸ್ವಿಫ್ಟ್ 4.2ರಲ್ಲಿ ಪ್ರತ್ಯೇಕ ವಿಧಾನ ಬಂತು. ಯಾವುದನ್ನು ಅಳಿಸಬೇಕು ಎಂಬ ಷರತ್ತನ್ನಷ್ಟೇ ಹೇಳಿದರೆ ಸರಿಯುವ ಸ್ಥಾನಗಳ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

ಮೊದಲು ಬರುವ ಆಕ್ಷೇಪ ವೇಗದ್ದು. ಕೈಯಿಂದ ಬರೆದ ಲೂಪ್ ಯಂತ್ರಕ್ಕೆ ಹತ್ತಿರ, ಈ ಸೌಕರ್ಯಗಳಿಗೆಲ್ಲ ಬೆಲೆ ತೆರಬೇಕಲ್ಲವೇ ಎಂಬುದು ಅದರ ಸಾರ. ಪೈಥಾನ್‌ನಲ್ಲಿ ಸಾಮಾನ್ಯವಾಗಿ ಪರಿಸ್ಥಿತಿ ತಿರುಗುಮುರುಗು: ಇಂಡೆಕ್ಸ್ ಹಿಡಿದು ಒಂದೊಂದೇ ಅಂಶವನ್ನು ಹುಡುಕುವುದೇ ನಿಧಾನ. ರಸ್ಟ್‌ನಂಥ ಭಾಷೆಯಲ್ಲಿ ಅಂಶಗಳನ್ನು ನೇರವಾಗಿ ಕೈಗಿಡುವ ಲೂಪ್ ಕಂಪೈಲ್ ಆದ ಮೇಲೆ ಕೈಯಿಂದ ಬರೆದ ಲೂಪಿನಷ್ಟೇ ಚುರುಕಾದ ಯಂತ್ರಸೂಚನೆಗಳಾಗಿ ಮಾರ್ಪಡುತ್ತದೆ. ಕೆಲವೊಮ್ಮೆ ಅದಕ್ಕಿಂತಲೂ ಹಗುರ. ಕಾರಣ ಸುಲಭ. ನಾನೇ ಇಂಡೆಕ್ಸ್ ಕೊಟ್ಟರೆ ಅದು ಗಡಿಯೊಳಗಿದೆಯೇ ಎಂದು ಪ್ರತಿ ಸಲ ಪರೀಕ್ಷಿಸಬೇಕಾಗುತ್ತದೆ. ಭಾಷೆಯೇ ನಡೆಸುವ ಲೂಪಿನಲ್ಲಿ ಗಡಿ ದಾಟುವ ಸಾಧ್ಯತೆಯೇ ಇಲ್ಲದ್ದರಿಂದ ಆ ಪರೀಕ್ಷೆಯ ಅಗತ್ಯ ಬೀಳುವುದಿಲ್ಲ. ಗ್ರಾಫಿಕ್ಸ್, ವಿಜ್ಞಾನದ ದೊಡ್ಡ ಲೆಕ್ಕಾಚಾರ ಮುಂತಾದೆಡೆ ಅಳೆದು ನೋಡಿ ಇಂಡೆಕ್ಸೇ ಮೇಲೆಂದು ಸಿದ್ಧವಾದರೆ ಅಲ್ಲಿ ಅದನ್ನು ಬಳಸಲು ಅಡ್ಡಿಯಿಲ್ಲ. ಅಳೆಯದೆ, ಅಭ್ಯಾಸಬಲದಿಂದ ಬಳಸುವುದಕ್ಕೆ ವೇಗದ ನೆಪ ಹೂಡುವುದು ಸಲ್ಲದು.

ಎರಡನೇ ಆಕ್ಷೇಪ ಹೆಚ್ಚು ತೂಕದ್ದು. ಇಂಡೆಕ್ಸನ್ನೇ ನಂಬಿ ನಿಂತ ಕ್ರಮವಿಧಿಗಳಿವೆ. ವಿಂಗಡಿಸಿದ ಪಟ್ಟಿಯಲ್ಲಿ ನಡುವಿನ ಮನೆ ನೋಡಿ ಅರ್ಧ ಭಾಗವನ್ನು ಕೈಬಿಡುತ್ತ ಹೋಗುವ ಬೈನರಿ ಸರ್ಚ್, ಎರಡು ತುದಿಯಿಂದ ಒಳಕ್ಕೆ ಬರುವ ಹುಡುಕಾಟ, ಅಡ್ಡಸಾಲು ಉದ್ದಸಾಲುಗಳ ಮ್ಯಾಟ್ರಿಕ್ಸ್ ಗುಣಾಕಾರ ಇವೆಲ್ಲಕ್ಕೆ ಮೊದಲಿಂದ ಕೊನೆಯವರೆಗಿನ ನೇರ ನಡಿಗೆ ಸಾಲದು. ಇದನ್ನು ಒಪ್ಪಲೇಬೇಕು. ಸ್ವಿಫ್ಟ್ ಕೂಡ ಇಂಡೆಕ್ಸನ್ನು ನಿಷೇಧಿಸಲಿಲ್ಲ. 0..<ಎನ್ ಎಂಬ ವ್ಯಾಪ್ತಿ, ಎರಡೆರಡು ಮೂರುಮೂರು ಹೆಜ್ಜೆ ಹಾಕಲು ಸ್ಟ್ರೈಡ್, ಬೇಕಾದಂತೆ ಓಡಾಡಲು ವೈಲ್ ಲೂಪ್ ಎಲ್ಲವನ್ನೂ ಉಳಿಸಿಕೊಂಡಿದೆ. ಆದರೆ ಈ ಉದಾಹರಣೆಗಳೇ ನನ್ನ ವಾದದ ಇನ್ನೊಂದು ಮುಖವನ್ನೂ ತೋರಿಸುತ್ತವೆ. 2006ರ ಜೂನ್‌ನಲ್ಲಿ ಜೋಶುವಾ ಬ್ಲಾಕ್ ಒಂದು ಸಂಗತಿ ಬಯಲು ಮಾಡಿದರು: ಜಾವಾ ಗ್ರಂಥಾಲಯಕ್ಕೆ ತಾವೇ ಬರೆದ ಬೈನರಿ ಸರ್ಚ್‌ನಲ್ಲಿ ಒಂಬತ್ತು ವರ್ಷಗಳ ಕಾಲ ಒಂದು ದೋಷ ಅಡಗಿತ್ತು. ಕೆಳಗಿನ ಇಂಡೆಕ್ಸ್ ಮತ್ತು ಮೇಲಿನ ಇಂಡೆಕ್ಸ್ ಕೂಡಿಸಿ ಎರಡರಿಂದ ಭಾಗಿಸುವುದು ಎಂಬ ಮುಗ್ಧ ಸಾಲೇ ಅದು. ನೂರು ಕೋಟಿಗೂ ಮಿಕ್ಕ ಅಂಶಗಳಿರುವ ಅರೇಯಲ್ಲಿ ಆ ಮೊತ್ತ 32 ಬಿಟ್ ಸಂಖ್ಯೆಯ ಮಿತಿ ಮೀರಿ ಋಣಸಂಖ್ಯೆಯಾಗಿಬಿಡುತ್ತದೆ. ಜಾನ್ ಬೆಂಟ್ಲಿ ತಮ್ಮ ಪ್ರಸಿದ್ಧ ಪುಸ್ತಕ 'ಪ್ರೋಗ್ರಾಮಿಂಗ್ ಪರ್ಲ್ಸ್'ನಲ್ಲಿ ಸರಿಯೆಂದು ಸಾಧಿಸಿ ತೋರಿಸಿದ್ದ ಕೋಡ್‌ನಲ್ಲೂ ಇದೇ ತಪ್ಪಿತ್ತು. ಇಂಡೆಕ್ಸ್ ಲೆಕ್ಕ ಬಲ್ಲವರಲ್ಲಿ ಬಲ್ಲವರು ಎಡವಿದ ಜಾಗ ಇದು. ಆದ್ದರಿಂದ ಇಂಡೆಕ್ಸ್ ಅನಿವಾರ್ಯವಾದ ಕಡೆ ಅದಕ್ಕೆ ಪೂರ್ಣ ಗಮನ ಕೊಡಬೇಕು. ಬೇಡದ ನೂರು ಕಡೆಯಲ್ಲೂ ಅದೇ ಇದ್ದರೆ ಆ ಗಮನ ಎಲ್ಲಿಂದ ಬರಬೇಕು?

ಹೊಸ ರೂಪಗಳಿಗೂ ತಮ್ಮದೇ ಬಲೆಗಳಿವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಜಾವಾಸ್ಕ್ರಿಪ್ಟ್‌ನ ಫಾರ್-ಇನ್ ಲೂಪನ್ನು ಅರೇಯ ಮೇಲೆ ನಡೆಸಿದರೆ ಕೈಗೆ ಬರುವುದು ಅಂಶವಲ್ಲ, ಇಂಡೆಕ್ಸ್. ಅದೂ ಅಕ್ಷರರೂಪದ ಇಂಡೆಕ್ಸ್. ಸೊನ್ನೆಗೆ ಒಂದು ಕೂಡಿಸಿದರೆ 1 ಆಗುವ ಬದಲು '01' ಆಗುತ್ತದೆ. 2015ರ ಆವೃತ್ತಿಯಲ್ಲಿ ಬಂದ ಫಾರ್-ಆಫ್ ಲೂಪ್ ಇದನ್ನು ಸರಿಪಡಿಸಿತು. ಸ್ವಿಫ್ಟ್‌ನ ಬಲೆ ಇನ್ನೂ ನವಿರಾದದ್ದು, ಕಲಿಸುವ ಗುಣವೂ ಅದರಲ್ಲಿ ಹೆಚ್ಚು. ಐದು ಊರುಗಳ ಅರೇಯಿಂದ ಹಾಸನದಿಂದ ಮುಂದಿನದನ್ನು ಕತ್ತರಿಸಿಕೊಂಡರೆ ಸಿಗುವ ತುಂಡಿನಲ್ಲಿ ಮೂರು ಊರುಗಳಿರುತ್ತವೆ. ಆದರೆ ಆ ತುಂಡು ತನ್ನ ಮೂಲ ಅರೇಯ ಸ್ಥಾನಗಳನ್ನೇ ಇಟ್ಟುಕೊಂಡಿರುತ್ತದೆ: ಹಾಸನದ ಇಂಡೆಕ್ಸ್ 2 ಆಗಿಯೇ ಉಳಿಯುತ್ತದೆ. ಎನ್ಯೂಮರೇಟೆಡ್ ಕೊಡುವ ಸಂಖ್ಯೆಯೋ ಯಾವಾಗಲೂ ಸೊನ್ನೆಯಿಂದ ಶುರು. ಆ ಸೊನ್ನೆಯನ್ನು ಇಂಡೆಕ್ಸೆಂದು ಭಾವಿಸಿ ತುಂಡಿನೊಳಗೆ ಹುಡುಕಿದರೆ ಪ್ರೋಗ್ರಾಂ ಅಲ್ಲಿಯೇ ನಿಂತುಹೋಗುತ್ತದೆ. ಅಧಿಕೃತ ದಸ್ತಾವೇಜು ಇದರ ಬಗ್ಗೆ ಎಚ್ಚರಿಸಿದರೂ ಜನ ಎಡವುತ್ತಲೇ ಇರುತ್ತಾರೆ. ಹಳೆಯ ಅಭ್ಯಾಸ ಹಾಗೆ ಮಾಡಿಸುತ್ತದೆ: ಎಣಿಕೆ ಮತ್ತು ಸ್ಥಾನ ಒಂದೇ ಎಂದು ಐ ನಮಗೆ ಬಹುಕಾಲ ಕಲಿಸಿದೆ. ಸ್ವಿಫ್ಟ್ ಅವೆರಡನ್ನೂ ಬೇರ್ಪಡಿಸಿ ಇಟ್ಟಿದೆ. ಎಷ್ಟನೆಯದು ಎಂದು ಬೇಕಿದ್ದರೆ ಎನ್ಯೂಮರೇಟೆಡ್, ಎಲ್ಲಿದೆ ಎಂದು ಬೇಕಿದ್ದರೆ ಇಂಡೈಸಸ್. ಇನ್ನೊಂದು ಸಣ್ಣ ಎಚ್ಚರವೂ ಬೇಕು. 0ರಿಂದ ಉದ್ದಕ್ಕಿಂತ ಒಂದು ಕಡಿಮೆಯವರೆಗೆ ಎಂದು ಎರಡೂ ಗಡಿ ಸೇರಿಸಿದ ವ್ಯಾಪ್ತಿ ಬರೆದರೆ ಖಾಲಿ ಅರೇ ಬಂದ ದಿನ ಅದು 0ರಿಂದ -1ರವರೆಗೆ ಎಂದಾಗಿ ಪ್ರೋಗ್ರಾಂ ಕುಸಿಯುತ್ತದೆ. ಡೈಕ್‌ಸ್ಟ್ರಾ ಮೆಚ್ಚಿದ ರೀತಿಯಲ್ಲಿ ಬರೆದರೆ 0ರಿಂದ 0 ಮುಟ್ಟುವ ಮುನ್ನ ಎಂದಾಗಿ ಲೂಪ್ ಒಮ್ಮೆಯೂ ನಡೆಯದೆ ಸುಮ್ಮನಿರುತ್ತದೆ.

ಕಲಿಯುವವರು ಒಳಗಿನ ಯಂತ್ರ ತಿಳಿಯಬೇಡವೇ, ಐ ಇಲ್ಲದೆ ಕಲಿತರೆ ಬುನಾದಿ ಟೊಳ್ಳಾಗದೇ ಎಂದು ಅಧ್ಯಾಪಕರು ಕೇಳುವುದುಂಟು. ಯಂತ್ರ ತಿಳಿಯಲೇಬೇಕು. ಮೆಮೊರಿ ವಿಳಾಸ, ಸೊನ್ನೆಯ ಅರ್ಥ, ಗಡಿ ದಾಟಿದರೆ ಆಗುವ ಅನಾಹುತ ಇವುಗಳನ್ನು ಸಿ ಭಾಷೆಯಷ್ಟು ಬೆತ್ತಲೆಯಾಗಿ ಬೇರೊಂದು ತೋರಿಸುವುದು ಅಪರೂಪ. ಪ್ರಶ್ನೆ ಇರುವುದು ಯಾವುದು ಮೊದಲು ಎಂಬುದರಲ್ಲಿ. ಪಟ್ಟಿಯ ಪ್ರತಿಯೊಂದಕ್ಕೂ ಹೀಗೆ ಮಾಡು ಎಂಬ ಯೋಚನೆಯೇ ಸಮಸ್ಯೆಯ ಹೃದಯ. ಅದು ಮೊದಲು ಬರಲಿ. ಆಮೇಲೆ ಆ ಯೋಚನೆಯನ್ನು ಯಂತ್ರ ಹೇಗೆ ನಡೆಸುತ್ತದೆ ಎಂದು ತೋರಿಸುವಾಗ ಐ ಬರಲಿ. ಮೊದಲ ದಿನವೇ ಮೂರು ಭಾಗದ ಫಾರ್ ಲೂಪ್ ಉರು ಹೊಡೆದವರು ಆ ಮೂರೂ ಭಾಗ ಯಾಕಿವೆ ಎಂದು ಕೇಳದೆ ವರ್ಷಗಟ್ಟಲೆ ಬರೆಯುತ್ತಾರೆ, ಕಾಪಿ ಮಾಡುತ್ತಾರೆ. ಒಂದರೊಳಗೊಂದು ಲೂಪ್ ಬರೆಯುವಾಗ ಐ ಇರಬೇಕಾದಲ್ಲಿ ಜೆ ಬರೆದು ಗಂಟೆಗಟ್ಟಲೆ ಹುಡುಕುತ್ತಾರೆ.

ಇಂಡೆಕ್ಸ್ ಎಂದರೆ ಒಂದು ಸಂಖ್ಯೆ ಎಂಬ ನಂಬಿಕೆ ಕನ್ನಡದ ಬಾಗಿಲಲ್ಲಿ ಪೂರ್ತಿ ಕುಸಿಯುತ್ತದೆ. ಪಠ್ಯವೂ ಅಕ್ಷರಗಳ ಸಾಲೇ ಅಲ್ಲವೇ ಎಂದುಕೊಂಡು 'ಪುಸ್ತಕ' ಎಂಬ ಪದದ ಮೇಲೆ ಲೂಪ್ ನಡೆಸಿ ನೋಡಿ. ಓದುವವರಿಗೆ ಇಲ್ಲಿರುವುದು ಪು, ಸ್ತ, ಕ ಎಂಬ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಪ, ಉಕಾರದ ಕೊಂಬು, ಸ, ವಿರಾಮ (ಸ್ವರವಿಲ್ಲವೆಂದು ಸೂಚಿಸುವ ಗುರುತು), ತ, ಕ ಎಂಬ ಆರು ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್‌ನಂತೆ ಹದಿನೆಂಟು. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಈ ಪದದ ಉದ್ದ ಆರು ಎನ್ನುತ್ತವೆ. ಪೈಥಾನ್‌ನಲ್ಲಿ ಇದರ 1ನೇ ಇಂಡೆಕ್ಸ್ ಕೇಳಿದರೆ ಅಂಟಿಕೊಳ್ಳಲು ವ್ಯಂಜನವಿಲ್ಲದ ಬರೀ ಕೊಂಬು ಕೈಗೆ ಬರುತ್ತದೆ. ಕೊನೆಯ ಇಂಡೆಕ್ಸಿನಿಂದ ಸೊನ್ನೆಯವರೆಗೆ ಹಿಂದಕ್ಕೆ ನಡೆದು ಪದವನ್ನು ತಿರುಗಿಸಿದರೆ 'ಕಸ್ತಪು' ಸಿಗಬೇಕಾದಲ್ಲಿ 'ಕತ್ಸುಪ' ಸಿಗುತ್ತದೆ: ಕೊಂಬು ಪಕಾರವನ್ನು ಬಿಟ್ಟು ಸಕಾರಕ್ಕೆ ಹತ್ತಿಕೊಂಡಿರುತ್ತದೆ. ತಮಾಷೆಯೆಂದರೆ 'ಕನ್ನಡ' ಪದವನ್ನೇ ಇಟ್ಟು ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ. ನ, ವಿರಾಮ, ನ ಎಂಬ ನಡುಭಾಗ ಹಿಂದುಮುಂದಾದರೂ ಒಂದೇ ಆದ್ದರಿಂದ 'ಡನ್ನಕ' ಎಂಬ ಸರಿಯಾದ ಉತ್ತರವೇ ಬರುತ್ತದೆ. ಹೆಸರಿನ ಮೊದಲ ಇಂತಿಷ್ಟು ಬೈಟ್ ಮಾತ್ರ ಇಟ್ಟುಕೊಳ್ಳುವ ತಂತ್ರಾಂಶವಾದರೆ ಒಂದು ಸಂಕೇತದ ಮೂರು ಬೈಟ್‌ಗಳ ನಡುವೆಯೇ ಕತ್ತರಿ ಹಾಕಿ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳ ಕಪ್ಪು ವಜ್ರಾಕೃತಿಯನ್ನು ಉಳಿಸುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಎಂದರೆ ಒಂದು ಬೈಟ್ ಎಂಬ ಕಾಲದಲ್ಲಿ ಹುಟ್ಟಿದ ಅಭ್ಯಾಸಕ್ಕೆ ಕನ್ನಡಿಗರ ಹೆಸರುಗಳು ತೆರುವ ಬೆಲೆ ಇದು.

ಸ್ವಿಫ್ಟ್ ಮತ್ತು ರಸ್ಟ್ ಈ ಕಾರಣಕ್ಕಾಗಿಯೇ ಪಠ್ಯದೊಳಗೆ ಬರೀ ಸಂಖ್ಯೆ ಕೊಟ್ಟು ಅಕ್ಷರ ಕೇಳಲು ಬಿಡುವುದಿಲ್ಲ. ಸ್ವಿಫ್ಟ್‌ನಲ್ಲಿ ಪಠ್ಯದ ಸ್ಥಾನಕ್ಕೆ ಪ್ರತ್ಯೇಕವಾದ ಇಂಡೆಕ್ಸ್ ಬಗೆಯೇ ಇದೆ. ಹತ್ತನೇ ಅಕ್ಷರ ಬೇಕಾದರೆ ಮೊದಲನೆಯದರಿಂದ ಒಂಬತ್ತು ಹೆಜ್ಜೆ ನಡೆಯಲೇಬೇಕು, ಹಾರಿಹೋಗುವಂತಿಲ್ಲ. ಹೊಸಬರಿಗೆ ಇದು ಕಿರಿಕಿರಿ, ಆದರೆ ಪ್ರಾಮಾಣಿಕ. ಹಾಗೆಂದು ಕನ್ನಡದ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಓದುಗರು ಒಂದೆಂದು ಕಾಣುವ ಘಟಕ ಯಾವುದು ಎಂದು ಸ್ವಿಫ್ಟ್ ಯೂನಿಕೋಡ್ ನಿಯಮದ ಪ್ರಕಾರ ನಿರ್ಧರಿಸುತ್ತದೆ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯದೆ ಒಂದಾಗಿ ಎಣಿಸುವ ನಿಯಮ ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿ ಸೇರಿದವು, ಕನ್ನಡ ಸೇರಲಿಲ್ಲ. ಹಾಗಾಗಿ ಯೂನಿಕೋಡ್ ಲೆಕ್ಕದಲ್ಲಿ 'ಪುಸ್ತಕ'ದಲ್ಲಿ ಪು, ಸ್, ತ, ಕ ಎಂಬ ನಾಲ್ಕು ಘಟಕಗಳು. ಒತ್ತಕ್ಷರದ ವಿಷಯದಲ್ಲಿ ತೆಲುಗಿಗೂ ನಮಗೂ ಅಂತರ ಬಹಳ ಕಡಿಮೆ. ಈ ಕೊರತೆಯ ಬಗ್ಗೆ ಕನ್ನಡದ ತಂತ್ರಜ್ಞರು ದನಿ ಎತ್ತಬೇಕು. ಅಲ್ಲಿಯವರೆಗೆ ಪದಬಂಧ, ಪದದಾಟ, ಛಂದಸ್ಸಿನ ಮಾತ್ರೆ ಎಣಿಸುವ ತಂತ್ರಾಂಶ ಬರೆಯುವವರು ಘಟಕಗಳನ್ನು ತಾವೇ ಜೋಡಿಸಿಕೊಳ್ಳಬೇಕು. ಅದಕ್ಕೂ ಇಂಡೆಕ್ಸ್ ಬೇಕಿಲ್ಲ. ಘಟಕಗಳ ಮೇಲೆ ನೇರ ಲೂಪ್ ನಡೆಸುತ್ತ, ಈವರೆಗೆ ಕೂಡಿಟ್ಟ ಕೊನೆಯ ತುಂಡು ವಿರಾಮದಲ್ಲಿ ಮುಗಿದಿದ್ದರೆ ಹೊಸ ಘಟಕವನ್ನು ಅದಕ್ಕೇ ಸೇರಿಸುವುದು, ಇಲ್ಲವಾದರೆ ಹೊಸ ತುಂಡಾಗಿ ಇಡುವುದು, ಇಷ್ಟೇ ಕೆಲಸ. 'ಕಂಪ್ಯೂಟರ್‌ನಲ್ಲಿ' ಎಂಬಂಥ ಪದಗಳಲ್ಲಿ ರಕಾರ ನಕಾರಕ್ಕೆ ಒತ್ತಾಗದಂತೆ ನಾವು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಟ್ಟಿರುತ್ತೇವೆ. ಆಗ ರ್ ಇರುವ ತುಂಡು ವಿರಾಮದಲ್ಲಿ ಮುಗಿಯದೆ ಆ ಸಂಕೇತದಲ್ಲಿ ಮುಗಿಯುವುದರಿಂದ, ಮುಂದಿನ ನ ಅದಕ್ಕೆ ಅಂಟದೆ ಬೇರೆಯಾಗಿಯೇ ಉಳಿಯುತ್ತದೆ.